ಡೀಸೆಲ್ ಅನ್ನೋದು ಒಬ್ಬ ಮನುಷ್ಯರ ಹೆಸರು

ಟ್ರ್ಯಾಕ್ಟರಿಗೆ ಡೀಸೆಲ್, ಬಸ್ಸಿಗೆ ಡೀಸೆಲ್, ಕರೆಂಟ್ ಹೋದರೆ ಜನರೇಟರಿಗೂ ಡೀಸೆಲ್. ಅದು ಎಣ್ಣೆಯ ಹೆಸರು ಅಂತಲೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅದು ಒಬ್ಬ ಇಂಜಿನಿಯರ್ ಹೆಸರು, ರುಡಾಲ್ಫ್ ಡೀಸೆಲ್. ಎಣ್ಣೆಗೆ ಆ ಹೆಸರು ಬಂದದ್ದು ಆಮೇಲೆ.

ಇವರು 1858ನೇ ಇಸವಿ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ತಾಯಿ ಜರ್ಮನಿ ಕಡೆಯವರು. ತಂದೆಯದು ಚರ್ಮದ ಸಾಮಾನು ಮಾಡುವ ಕಸುಬು. 1870ರಲ್ಲಿ ಫ್ರೆಂಚರಿಗೂ ಜರ್ಮನರಿಗೂ ಯುದ್ಧ ಹತ್ತಿಕೊಂಡಿತು. ಪ್ಯಾರಿಸ್ಸಿನಲ್ಲಿದ್ದ ಜರ್ಮನ್ ಕುಟುಂಬಗಳು ಊರು ಬಿಡಬೇಕಾಯ್ತು. ಇವರ ಮನೆಯವರು ಲಂಡನ್ನಿಗೆ ಹೋದರು. ಅಲ್ಲಿಂದ 12 ವರ್ಷದ ರುಡಾಲ್ಫನನ್ನು ಒಬ್ಬನನ್ನೇ ಜರ್ಮನಿಯ ಆಗ್ಸ್‌ಬರ್ಗ್ ಊರಿನ ಬಂಧುಗಳ ಮನೆಗೆ ಕಳಿಸಿಬಿಟ್ಟರು. ಪುಣ್ಯಕ್ಕೆ ಆ ಮನೆಯ ಯಜಮಾನರು ಗಣಿತದ ಮೇಷ್ಟ್ರು! ಹುಡುಗ ಚೆನ್ನಾಗಿ ಓದಿ, ವಿದ್ಯಾರ್ಥಿವೇತನ ಪಡೆದು, ಮ್ಯೂನಿಕ್ ನಗರದಲ್ಲಿ ಇಂಜಿನಿಯರಿಂಗ್ ಸೇರಿದ. 1880ರಲ್ಲಿ ಬಹಳ ಒಳ್ಳೆಯ ಅಂಕ ತೆಗೆದು ಪಾಸಾದ.

ಅಲ್ಲಿ ಪಾಠ ಕೇಳುವಾಗಲೇ ಒಂದು ವಿಷಯ ಅವರ ತಲೆಯಲ್ಲಿ ಕೂತಿತ್ತು. ಆಗಿನ ಉಗಿಯಂತ್ರದಲ್ಲಿ ನೂರು ಸೇರು ಕಲ್ಲಿದ್ದಲು ಸುಟ್ಟರೆ ಹತ್ತು ಸೇರಿನಷ್ಟು ಶಕ್ತಿಯೂ ಕೆಲಸಕ್ಕೆ ಬರುತ್ತಿರಲಿಲ್ಲ. ಮಿಕ್ಕಿದ ಬಿಸಿಯೆಲ್ಲ ಗಾಳಿಪಾಲು. ಮೇಲಾಗಿ ಉಗಿಯಂತ್ರ ಇಡೋಕೆ ದೊಡ್ಡ ಬಂಡವಾಳ ಬೇಕು. ಸಣ್ಣ ಕಸುಬುದಾರನಿಗೂ ಎಟುಕುವಂಥ ಇಂಜಿನ್ ಮಾಡಬೇಕು ಅಂತ ಡೀಸೆಲ್ ಅವರ ಆಸೆ.

ಸೈಕಲ್ಲಿಗೆ ಗಾಳಿ ಹೊಡೆದಾದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ, ಬಿಸಿಯಾಗಿರುತ್ತೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತೆ. ಇನ್ನೂ ಬಲವಾಗಿ ಒತ್ತಿದರೆ, ಎಣ್ಣೆ ಬಿದ್ದ ಕೂಡಲೇ ತಾನಾಗಿ ಹೊತ್ತಿಕೊಳ್ಳುವಷ್ಟು ಕಾಯುತ್ತೆ. ಕಿಡಿ ಬೇಡ, ಬೆಂಕಿಕಡ್ಡಿ ಬೇಡ. ಇಷ್ಟೇ ಅವರ ಉಪಾಯ. 1893ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಆಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ ಮೊದಲ ಪರೀಕ್ಷೆ ಮಾಡಿದಾಗ ಒತ್ತಡ ಅಳೆಯುವ ಉಪಕರಣ ಸಿಡಿದು ಚೂರಾಯ್ತು. ಡೀಸೆಲ್ ಬಚಾವಾದರು. ಆದರೆ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತೆ ಅನ್ನೋದು ಖಾತ್ರಿಯಾಯ್ತು. ನಾಲ್ಕು ವರ್ಷ ಬಿಡದೆ ತಿದ್ದಿದರು. 1897ರ ಫೆಬ್ರವರಿಯಲ್ಲಿ ಸುಮಾರು 20 ಅಶ್ವಶಕ್ತಿಯ ಇಂಜಿನ್ ಓಡಿತು. ಸುಟ್ಟ ಎಣ್ಣೆಯ ಶೇಕಡಾ 26ರಷ್ಟು ಶಕ್ತಿ ಕೆಲಸಕ್ಕೆ ಸಿಕ್ಕಿತು. 1900ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಇವರ ಮಾದರಿಯ ಒಂದು ಇಂಜಿನ್ನನ್ನು ಕಡಲೆಕಾಯಿ ಎಣ್ಣೆಯಲ್ಲೇ ಓಡಿಸಿ ತೋರಿಸಿದ್ದರು!

ಆದರೆ ಒಂದು ತೊಡಕು ಉಳಿದೇ ಹೋಯ್ತು. ಸಿಲಿಂಡರಿನೊಳಗೆ ಗಾಳಿ ಆಗಲೇ ಭಾರಿ ಒತ್ತಡದಲ್ಲಿ ಇರುತ್ತೆ. ಅದನ್ನು ಮೀರಿಸಿ ಎಣ್ಣೆ ಒಳಗೆ ನುಗ್ಗಬೇಕು. ಅದೂ ಮಂಜಿನಂತೆ ಸಣ್ಣ ಹನಿಯಾಗಿ, ಅಳತೆ ತಪ್ಪದೆ, ಕಣ್ಣು ಮಿಟುಕಿಸುವುದರೊಳಗೆ. ಅಷ್ಟು ಗಟ್ಟಿ, ಅಷ್ಟು ನಯವಾದ ಪಂಪು ಅವರಿಗೆ ಸಿಗಲಿಲ್ಲ. ಅದಕ್ಕೇ ಬೇರೊಂದು ಕಂಪ್ರೆಸರ್ ಇಟ್ಟು, ಒತ್ತಿದ ಗಾಳಿಯ ರಭಸದಿಂದ ಎಣ್ಣೆಯನ್ನು ಒಳಗೆ ಊದಿಸಿದರು. ಕಂಪ್ರೆಸರ್ ಸೇರಿ ಇಂಜಿನ್ ಬಹಳ ಭಾರವಾಯ್ತು. ಕಾರ್ಖಾನೆಗೆ ಸರಿ, ಹಡಗಿಗೂ ಸರಿ. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಎಂಬ ದೊಡ್ಡ ಹಡಗು ಡೀಸೆಲ್ ಇಂಜಿನ್ನಿನಲ್ಲೇ ಸಮುದ್ರ ದಾಟಿತು. ಲಾರಿ, ಕಾರಿನ ಮಾತು ಮಾತ್ರ ದೂರವೇ ಉಳಿಯಿತು.

ಹೆಸರು ಬಂತು, ಹಣವೂ ಬಂತು. ಆದರೆ ಪೇಟೆಂಟ್ ತಕರಾರು, ನಷ್ಟದ ವ್ಯವಹಾರ ಎಲ್ಲ ಸೇರಿ ಹಣ ಕರಗಿ ಸಾಲ ಬೆಳೆಯಿತು. ಆರೋಗ್ಯವೂ ಕೆಟ್ಟಿತು. 1913ರ ಸೆಪ್ಟೆಂಬರ್ 29ರ ಸಂಜೆ ಇಂಗ್ಲೆಂಡಿಗೆ ಹೋಗಲು ಡ್ರೆಸ್ಡೆನ್ ಎಂಬ ಹಡಗು ಹತ್ತಿದರು. ರಾತ್ರಿ ಊಟ ಮಾಡಿ ಕೋಣೆಗೆ ಹೋದರು. ಬೆಳಿಗ್ಗೆ ನೋಡಿದರೆ ಹಡಗಿನಲ್ಲಿ ಅವರಿಲ್ಲ. ಕೆಲವು ದಿನದ ಮೇಲೆ ಸಮುದ್ರದಲ್ಲಿ ಸಿಕ್ಕ ಶವದ ಬಳಿ ಇದ್ದ ವಸ್ತುಗಳನ್ನು ನೋಡಿ ಮಗ ಗುರುತು ಹಿಡಿದರು. ತಾವೇ ಹಾರಿದರೋ, ಕಾಲು ಜಾರಿತೋ, ಯಾರಾದರೂ ತಳ್ಳಿದರೋ ಇಂದಿಗೂ ತೀರ್ಮಾನವಾಗಿಲ್ಲ. ಆಗ ಅವರಿಗೆ ಬರೀ 55 ವರ್ಷ.

ಅವರಿಗೆ ಸಿಗದ ಆ ಪಂಪನ್ನು ಸಾವಿರಗಟ್ಟಲೆ ತಯಾರಿಸಲು ಶುರುಮಾಡಿದ್ದು ಜರ್ಮನಿಯ ರಾಬರ್ಟ್ ಬಾಷ್ ಅವರ ಕಾರ್ಖಾನೆ, 1927ರಲ್ಲಿ. ಅಂದರೆ ಡೀಸೆಲ್ ತೀರಿಕೊಂಡು 14 ವರ್ಷದ ಮೇಲೆ! ಆ ಪಂಪಿನಲ್ಲಿ ಒಂದೊಂದು ಸಿಲಿಂಡರಿಗೆ ಒಂದೊಂದು ಪ್ಲಂಜರ್. ಪ್ಲಂಜರಿಗೂ ಅದರ ಕೊಳವೆಗೂ ನಡುವಿನ ಸಂದಿ ತಲೆಕೂದಲಿಗಿಂತ ಎಷ್ಟೋ ಪಾಲು ಸಣ್ಣದು. ಕಸ ಸೇರಿದ ಎಣ್ಣೆ ಹಾಕಿದರೆ ಪಂಪು ಯಾಕೆ ಕೆಡುತ್ತೆ ಅಂತ ಇದರಿಂದಲೇ ತಿಳಿಯುತ್ತೆ. ಕಂಪ್ರೆಸರ್ ಕಳಚಿತು, ಇಂಜಿನ್ ಹಗುರಾಯ್ತು. 1936ರಲ್ಲಿ ಬಾಷ್ ಪಂಪು ಇಟ್ಟುಕೊಂಡು ಮರ್ಸಿಡಿಸ್ ಬೆಂಜ್ ಡೀಸೆಲ್ ಕಾರೂ ಬಂತು.

ಈಗಿನ ಕಾರುಗಳಲ್ಲಿ ಟರ್ಬೊ ಇರುತ್ತೆ. ಹೊರಹೋಗುವ ಹೊಗೆಯೇ ಒಂದು ಚಕ್ರ ತಿರುಗಿಸಿ ಇಂಜಿನ್ನಿಗೆ ಹೆಚ್ಚು ಗಾಳಿ ತುರುಕುತ್ತೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಹೆಚ್ಚು ಗಾಳಿ ಬಂದ ಮೇಲೆ ಹೆಚ್ಚು ಎಣ್ಣೆಯೂ ಬೇಕಲ್ವಾ? ಆದರೆ ಎಣ್ಣೆ ಸಿಂಪಡಿಸಲು ಸಿಗುವ ಸಮಯ ಅಷ್ಟೇ. ಹಾಗಾಗಿ ಇಂಜಿನ್ನಿನ ಬಲ ತುಂಬಾ ಹೆಚ್ಚಿಸಬೇಕು ಅನ್ನುವವರು ಹಳೆ ಪಂಪು ತೆಗೆದು ದೊಡ್ಡದು ಕೂರಿಸುತ್ತಾರೆ. ಬರೀ ಎಣ್ಣೆ ಹೆಚ್ಚಿಸಿ ಗಾಳಿ ಸಾಲದೆ ಹೋದರೆ ಬಲ ಬರಲ್ಲ, ಕಪ್ಪು ಹೊಗೆ ಬರುತ್ತೆ. ಏರು ಹತ್ತುವಾಗ ಕೆಲವು ಲಾರಿಗಳ ಹಿಂದೆ ನೋಡಿರ್ತೀರಿ. ವಾತಾವರಣದ ಗಾಳಿಯ ಒತ್ತಡದ ಎರಡು ಸಾವಿರ ಪಟ್ಟಿಗೂ ಮೇಲೆ ಎಣ್ಣೆಯನ್ನು ಒತ್ತುವ ಪಂಪುಗಳು ಈಗ ಬಂದಿವೆ.

ನಮ್ಮ ರಾಜ್ಯಕ್ಕೂ ಈ ಪಂಪಿಗೂ ನಂಟಿದೆ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ ಕಂಪನಿ ಇದೇ ಬಾಷ್ ಪಂಪುಗಳನ್ನು ಇಲ್ಲೇ ತಯಾರಿಸಿತು. 2008ರಲ್ಲಿ ಕಂಪನಿಯ ಹೆಸರೂ ಬಾಷ್ ಅಂತಲೇ ಆಯ್ತು.