ಶಿವಮೊಗ್ಗೆಯಿಂದ ಕಾಮಾ ಆಸ್ಪತ್ರೆಗೆ: ಡಾ. ಜೆರುಶಾ ಝಿರಾಡ್ ಅವರ ಜೀವನದ ಒಂದು ಓದು

ಭಾರತೀಯ ಮಹಿಳೆಯರ ವೈದ್ಯಕೀಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೊದಲ ವೈದ್ಯೆ ಯಾರು ಎಂಬ ಪ್ರಶ್ನೆಯಿಂದ ಆರಂಭಿಸುತ್ತಾರೆ. ಆನಂದಿಬಾಯಿ ಜೋಶಿ, ಕಾದಂಬಿನಿ ಗಂಗೂಲಿ, ರಖ್ಮಾಬಾಯಿ ಮೊದಲಾದ ಹೆಸರುಗಳು ಈ ಕಾರಣದಿಂದ ಮತ್ತೆ ಮತ್ತೆ ಬರುತ್ತವೆ. ಪದವಿ ಪಡೆದುದನ್ನೇ ಸಾಧನೆಯ ಕೊನೆಯೆಂದು ತಿಳಿಯುವ ಈ ಕ್ರಮದಲ್ಲಿ ಒಂದು ಮುಖ್ಯ ಸಂಗತಿ ಮರೆಯಾಗುತ್ತದೆ. ಓದುವ ಅವಕಾಶ ದೊರೆಯುವುದು ಬೇರೆ, ಆಸ್ಪತ್ರೆಯನ್ನು ನಡೆಸುವ ಅಧಿಕಾರ ದೊರೆಯುವುದು ಬೇರೆ. ಮದರಾಸಿನ ವೈದ್ಯಕೀಯ ಕಾಲೇಜು 1875ರಲ್ಲಿ, ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜು 1883ರಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದವು. ಆದರೆ ಮುಂಬಯಿಯ ಪ್ರಸಿದ್ಧ ಮಹಿಳಾ ಆಸ್ಪತ್ರೆಯ ಹೊಣೆ ಭಾರತೀಯ ಮಹಿಳೆಯೊಬ್ಬರ ಕೈಗೆ ಬರಲು 1928ರವರೆಗೆ ಕಾಯಬೇಕಾಯಿತು. ಆಕೆ ಶಿವಮೊಗ್ಗೆಯಲ್ಲಿ ಹುಟ್ಟಿದವರು, ಬೆಂಗಳೂರಿನಲ್ಲಿ ನಾಲ್ಕು ವರ್ಷ ಶಸ್ತ್ರವೈದ್ಯೆಯಾಗಿದ್ದವರು. ಡಾ. ಜೆರುಶಾ ಝಿರಾಡ್ ಅವರ ಬದುಕನ್ನು ಈ ಅಂತರದ ಹಿನ್ನೆಲೆಯಲ್ಲಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಜೆರುಶಾ ಅವರು 1890ರಲ್ಲಿ ಜನಿಸಿದರು. ಅವರದು ಬೆನೆ ಇಸ್ರೇಲ್ ಸಮುದಾಯಕ್ಕೆ ಸೇರಿದ ಕುಟುಂಬ. ಕೊಂಕಣ ಕರಾವಳಿಯ ಹಳ್ಳಿಗಳಲ್ಲಿ ಶತಮಾನಗಳಿಂದ ನೆಲೆಸಿ, ಎಣ್ಣೆ ತೆಗೆಯುವ ಕಾಯಕ ಮಾಡುತ್ತ, ಯೆಹೂದಿ ಧರ್ಮದಂತೆ ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಹೊರೆಯವರಿಂದ ಶನಿವಾರ ತೇಲಿ ಎಂಬ ಹೆಸರು ಪಡೆದ ಸಮುದಾಯವಿದು. ಇವರ ಮನೆಮಾತು ಮರಾಠಿ. ಹತ್ತೊಂಬತ್ತನೆಯ ಶತಮಾನದಲ್ಲಿ ಸೈನ್ಯ ಹಾಗೂ ಸರಕಾರಿ ನೌಕರಿಗಳ ಮೂಲಕ ಇವರು ಮುಂಬಯಿ, ಪುಣೆ ಮತ್ತಿತರ ಊರುಗಳಿಗೆ ಹರಡಿಕೊಂಡರು. ಮೈಸೂರು ಸಂಸ್ಥಾನದ ಶಿವಮೊಗ್ಗೆ ಜೆರುಶಾ ಅವರಿಗೆ ಹುಟ್ಟೂರು ಮಾತ್ರ ಆಯಿತು. ಅವರ ಶಾಲಾ ಶಿಕ್ಷಣ ಪುಣೆಯಲ್ಲಿ, ವೈದ್ಯಕೀಯ ಶಿಕ್ಷಣ ಮುಂಬಯಿಯಲ್ಲಿ ನಡೆಯಿತು.

ವೈದ್ಯೆಯಾಗಬೇಕೆಂಬ ಅವರ ಸಂಕಲ್ಪದ ಹಿಂದೆ ಮನೆಯೊಳಗಿನ ಒಂದು ಘಟನೆಯಿದೆ. ಸಹೋದರಿಯೊಬ್ಬರು ತೀವ್ರ ಕಾಯಿಲೆಯಿಂದ ನರಳುತ್ತಿದ್ದಾಗ ಮುಂಬಯಿಯ ಕಾಮಾ ಆಸ್ಪತ್ರೆಯಲ್ಲಿ ಡಾ. ಆನೆಟ್ ಬೆನ್ಸನ್ ಅವರ ಚಿಕಿತ್ಸೆಯಿಂದ ಬದುಕಿ ಉಳಿದರು. ಬಾಲಕಿ ಜೆರುಶಾ ಅಂದು ಕಂಡದ್ದು ರೋಗ ವಾಸಿಮಾಡುವ ವೈದ್ಯೆಯೊಬ್ಬರನ್ನು ಮಾತ್ರವಲ್ಲ, ಇಡೀ ಆಸ್ಪತ್ರೆಯನ್ನು ತನ್ನ ಮಾತಿನಂತೆ ನಡೆಸುವ ಮಹಿಳೆಯನ್ನು. ಆ ಸ್ಥಾನಕ್ಕೇ ತಾನೂ ಏರಬೇಕೆಂಬ ಆಸೆ ಅವರಲ್ಲಿ ಬಾಲ್ಯದಲ್ಲಿಯೇ ಮೂಡಿತು ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ಕಾಮಾ ಆಸ್ಪತ್ರೆಯ ಹುಟ್ಟು ಕೂಡ ಸಾಮಾನ್ಯವಾದುದಲ್ಲ. ಪಾರಸಿ ಶ್ರೀಮಂತ ಪೆಸ್ತನ್‌ಜಿ ಹೊರ್ಮುಸ್‌ಜಿ ಕಾಮಾ ಅವರ ದಾನದಿಂದ 1883ರಲ್ಲಿ ಇದಕ್ಕೆ ಅಡಿಗಲ್ಲು ಬಿದ್ದು, 1886ರಲ್ಲಿ ಆಸ್ಪತ್ರೆ ತೆರೆಯಿತು. ಮಹಿಳೆಯರಿಗಾಗಿ ಮಹಿಳಾ ವೈದ್ಯರೇ ನಡೆಸುವ ಆಸ್ಪತ್ರೆ ಎಂಬುದು ಇದರ ಮೂಲತತ್ತ್ವ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳ ವೈದ್ಯಕೀಯ ಶಿಕ್ಷಣಕ್ಕಾಗಿ ಹೋರಾಡಿದ ಏಳು ಮಂದಿಯಲ್ಲಿ ಒಬ್ಬರಾದ ಎಡಿತ್ ಪೀಚಿ ಅದರ ಮೊದಲ ಮುಖ್ಯಸ್ಥೆಯಾಗಿದ್ದರು. ಪುರುಷರ ಮೇಲ್ವಿಚಾರಣೆಯಿಂದ ಬಿಡುಗಡೆ ಪಡೆದ ಈ ಅಂಗಳದಲ್ಲಿಯೂ ಮತ್ತೊಂದು ಮೇಲು-ಕೀಳಿನ ವ್ಯವಸ್ಥೆ ಬೇರೂರಿತ್ತು. ಮೇಲಿನ ಹುದ್ದೆಗಳು ಬ್ರಿಟಿಷ್ ಪದವಿ ಪಡೆದವರಿಗೆ, ಎಂದರೆ ಬಹುಮಟ್ಟಿಗೆ ಬ್ರಿಟಿಷ್ ಮಹಿಳೆಯರಿಗೇ ಮೀಸಲು. ಇಲ್ಲಿನ ಕಾಲೇಜುಗಳಲ್ಲಿ ಓದಿದ ಭಾರತೀಯ ವೈದ್ಯೆಯರು ಅವರ ಕೈಕೆಳಗೆ ದುಡಿಯಬೇಕಾಗಿತ್ತು. 1885ರಲ್ಲಿ ಸ್ಥಾಪನೆಯಾದ ಡಫರಿನ್ ನಿಧಿಯ ಆಸ್ಪತ್ರೆಗಳಲ್ಲಿಯೂ 1914ರಲ್ಲಿ ರೂಪುಗೊಂಡ ಮಹಿಳಾ ವೈದ್ಯಕೀಯ ಸೇವೆಯಲ್ಲಿಯೂ ಇದೇ ಸ್ಥಿತಿ ಇತ್ತು. ಸ್ತ್ರೀಯರ ಏಳಿಗೆಗೆ ಪಿತೃಪ್ರಧಾನ ವ್ಯವಸ್ಥೆಯೊಂದೇ ಅಡ್ಡಿಯೆಂದು ಹೇಳಿಬಿಡುವ ನಮ್ಮ ರೂಢಿಯ ವಿಶ್ಲೇಷಣೆಗೆ ಇಲ್ಲಿ ತಿದ್ದುಪಡಿ ಅಗತ್ಯವಾಗುತ್ತದೆ. ಜೆರುಶಾ ಅವರ ದಾರಿಗೆ ಅಡ್ಡವಾಗಿದ್ದ ಬಾಗಿಲನ್ನು ಒಳಗಿನಿಂದ ಹಿಡಿದಿದ್ದವರು ಮಹಿಳೆಯರೇ, ಅದೂ ತಾವು ಸ್ವತಃ ಅಂಥದೇ ಬಾಗಿಲನ್ನು ಕಷ್ಟಪಟ್ಟು ತೆರೆಸಿ ಬಂದವರು.

ಗ್ರಾಂಟ್ ವೈದ್ಯಕೀಯ ಕಾಲೇಜಿನಿಂದ 1912ರಲ್ಲಿ ಹೊರಬಂದ ಜೆರುಶಾ ಕೆಲಕಾಲ ಮುಂಬಯಿಯಲ್ಲಿ ಖಾಸಗಿಯಾಗಿ ವೈದ್ಯವೃತ್ತಿ ನಡೆಸಿದರು. ಲಂಡನ್ನಿನ ಪದವಿಯಿಲ್ಲದೆ ಮುಂದಿನ ಮೆಟ್ಟಿಲಿಲ್ಲ ಎಂಬುದು ಅವರಿಗೆ ತಿಳಿದಿತ್ತು. ಟಾಟಾ ನಿಧಿಯ ಸಾಲದ ನೆರವಿನಿಂದ ಇಂಗ್ಲೆಂಡಿಗೆ ತೆರಳಿದರು. ಅನಂತರ ಭಾರತ ಸರಕಾರದ ವಿದ್ಯಾರ್ಥಿವೇತನವೂ ಅವರಿಗೆ ದೊರೆಯಿತು. ಲಂಡನ್ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ಓದಿ, ಎಲಿಜಬೆತ್ ಗ್ಯಾರೆಟ್ ಆ್ಯಂಡರ್ಸನ್ ಅವರ ಹೆಸರಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಅದು ಮೊದಲನೆಯ ಮಹಾಯುದ್ಧದ ಕಾಲ. ಪುರುಷ ವೈದ್ಯರು ಯುದ್ಧಭೂಮಿಗೆ ಹೋದುದರಿಂದ ಲಂಡನ್ನಿನ ಆಸ್ಪತ್ರೆಗಳಲ್ಲಿ ಮಹಿಳೆಯರಿಗೆ ಎಂದೂ ಇಲ್ಲದ ಅವಕಾಶ ಒದಗಿಬಂದಿತ್ತು. 1919ರಲ್ಲಿ ಅವರು ಪ್ರಸೂತಿ ಹಾಗೂ ಸ್ತ್ರೀರೋಗ ಶಾಸ್ತ್ರದಲ್ಲಿ ಲಂಡನ್ ವಿಶ್ವವಿದ್ಯಾಲಯದ ಎಂ.ಡಿ. ಪದವಿ ಪಡೆದರು. ಈ ವಿಷಯದಲ್ಲಿ ಆ ಪದವಿ ಗಳಿಸಿದ ಮೊದಲ ಭಾರತೀಯ ಮಹಿಳೆ ಇವರೇ.

ಅದೇ ವರ್ಷ ಭಾರತಕ್ಕೆ ಮರಳಿ ದೆಹಲಿಯ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಅಲ್ಪಕಾಲ ಸೇವೆ ಸಲ್ಲಿಸಿದರು. ಅಲ್ಲಿಂದ ಬಂದದ್ದು ಬೆಂಗಳೂರಿಗೆ. 1920ರಿಂದ 1924ರವರೆಗೆ ಬೆಂಗಳೂರು ಹೆರಿಗೆ ಆಸ್ಪತ್ರೆಯಲ್ಲಿ ಹಿರಿಯ ಶಸ್ತ್ರವೈದ್ಯೆಯಾಗಿ ಅವರು ಕೆಲಸ ಮಾಡಿದರು. ಜೀವನಚರಿತ್ರೆಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಈ ನಾಲ್ಕು ವರ್ಷಗಳು ನನ್ನ ದೃಷ್ಟಿಯಲ್ಲಿ ಹೆಚ್ಚಿನ ಗಮನಕ್ಕೆ ಅರ್ಹವಾದವು.

ಕಾರಣವಿಷ್ಟೆ. ಭಾರತೀಯ ವೈದ್ಯೆಯರ ವೃತ್ತಿಜೀವನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ದೇಶೀಯ ಸಂಸ್ಥಾನಗಳ ಹೆಸರು ಮೇಲಿಂದ ಮೇಲೆ ಎದುರಾಗುತ್ತದೆ. ಅಮೆರಿಕದಿಂದ 1886ರಲ್ಲಿ ಮರಳಿದ ಆನಂದಿಬಾಯಿ ಜೋಶಿ ಅವರನ್ನು ಮಹಿಳಾ ವಿಭಾಗದ ಹೊಣೆಗೆ ನೇಮಿಸಿಕೊಂಡದ್ದು ಕೊಲ್ಹಾಪುರ ಸಂಸ್ಥಾನ. ಮರುವರ್ಷವೇ ಅವರು ಕ್ಷಯಕ್ಕೆ ತುತ್ತಾದುದು ಬೇರೆ ಮಾತು. ರಖ್ಮಾಬಾಯಿ ಅವರು ಸೂರತ್ತಿನ ಬಳಿಕ ದೀರ್ಘಕಾಲ ಆಸ್ಪತ್ರೆ ನಡೆಸಿದ್ದು ರಾಜಕೋಟೆಯಲ್ಲಿ. ತಿರುವಾಂಕೂರಿನಲ್ಲಿ ಮೇರಿ ಪುನ್ನನ್ ಲೂಕೋಸ್ 1916ರಲ್ಲಿ ತೈಕ್ಕಾಡಿನ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯ ಹೊಣೆ ಹೊತ್ತು, 1924ರಲ್ಲಿ ದರ್ಬಾರು ವೈದ್ಯೆಯಾಗಿ, 1938ರಲ್ಲಿ ಇಡೀ ಸಂಸ್ಥಾನದ ಸರ್ಜನ್ ಜನರಲ್ ಆದರು. ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲಿ ಶ್ರೇಣಿ ಹಾಗೂ ಜನಾಂಗದ ಲೆಕ್ಕಾಚಾರ ಬಿಗಿಯಾಗಿದ್ದಾಗ, ಸಂಸ್ಥಾನಗಳಿಗೆ ತಮ್ಮ ಆಡಳಿತ ಆಧುನಿಕವಾದುದೆಂದು ತೋರಿಸುವ ಹಂಬಲವಿತ್ತು, ಅರ್ಹರಾದ ಭಾರತೀಯರೂ ಬೇಕಾಗಿದ್ದರು. ಮೈಸೂರು ಈ ಮಾತಿಗೆ ಹೊರತಲ್ಲ. ವಾಣಿವಿಲಾಸ ಸನ್ನಿಧಾನದ ರಾಜಪ್ರತಿನಿಧಿತ್ವದ ಕಾಲದಿಂದ ಹೆಣ್ಣುಮಕ್ಕಳ ಶಿಕ್ಷಣಕ್ಕೆ ದೊರೆತ ಒತ್ತಾಸೆ, 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ, 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡ ವೈದ್ಯಕೀಯ ಕಾಲೇಜು, 1935ರ ವಾಣಿವಿಲಾಸ ಆಸ್ಪತ್ರೆ ಇವೆಲ್ಲ ಒಂದೇ ಹರಿವಿಗೆ ಸೇರಿದವು. ಸಂಸ್ಥಾನದ ಸ್ವಂತ ವೈದ್ಯಕೀಯ ಕಾಲೇಜು ಆರಂಭವಾಗುವ ಮುನ್ನವೇ ಲಂಡನ್ನಿನ ಎಂ.ಡಿ. ಪಡೆದ ಭಾರತೀಯ ಮಹಿಳೆಯೊಬ್ಬರು ಇಲ್ಲಿ ಹಿರಿಯ ಸ್ಥಾನದಲ್ಲಿದ್ದರು. ಮುಂಬಯಿಯಲ್ಲಿ ಇನ್ನೂ ದೊರೆಯದಿದ್ದ ಸ್ಥಾನಮಾನ ಬೆಂಗಳೂರಿನಲ್ಲಿ ಮೊದಲು ದೊರೆಯಿತು ಎಂದು ನಾನು ಇದನ್ನು ಅರ್ಥೈಸುತ್ತೇನೆ. ಸಂಸ್ಥಾನಗಳ ಔದಾರ್ಯವನ್ನು ಅತಿಯಾಗಿ ಹೊಗಳುವ ಉದ್ದೇಶ ಇದರಲ್ಲಿಲ್ಲ. ಪರದೆಯ ಮರ್ಯಾದೆಯನ್ನು ಉಳಿಸಿಕೊಳ್ಳಲೂ ವೈದ್ಯೆಯರು ಬೇಕಾಗಿದ್ದರು ಎಂಬುದನ್ನು ಮರೆಯಬಾರದು.

ಮುಂಬಯಿಗೆ ಹಿಂದಿರುಗಿದ ಝಿರಾಡ್ ಅವರು 1925ರಿಂದ ಕಾಮಾ ಆಸ್ಪತ್ರೆಯಲ್ಲಿ ಗೌರವ ಶಸ್ತ್ರವೈದ್ಯೆಯಾಗಿ ದುಡಿದು, 1928ರಲ್ಲಿ ಅದರ ಮುಖ್ಯ ವೈದ್ಯಾಧಿಕಾರಿಯಾದರು. ಬಾಲ್ಯದ ಆಸೆ ಈಡೇರುವಾಗ ಅವರಿಗೆ 38ರ ವಯಸ್ಸು. 1947ರವರೆಗೆ, ಎಂದರೆ 19 ವರ್ಷ, ಅವರು ಆ ಸ್ಥಾನದಲ್ಲಿದ್ದರು. ಆಸ್ಪತ್ರೆಯೊಂದರ ಮುಖ್ಯಸ್ಥೆಯಾದ ಮೊದಲ ಭಾರತೀಯ ಮಹಿಳೆ ಇವರೆಂದು ಹೇಳಿದರೆ ರಖ್ಮಾಬಾಯಿ, ಲೂಕೋಸ್ ಅವರಿಗೆ ಅನ್ಯಾಯವಾಗುತ್ತದೆ. ಆದರೆ ವಸಾಹತು ಆಡಳಿತದ ಮಹಾನಗರದಲ್ಲಿ, ಬ್ರಿಟಿಷ್ ವೈದ್ಯೆಯರ ಪ್ರತಿಷ್ಠೆಯ ಸಂಸ್ಥೆಯಲ್ಲಿ ಈ ಬದಲಾವಣೆಯಾದುದಕ್ಕೆ ಅದರದೇ ಆದ ತೂಕವಿದೆ.

ಆಡಳಿತಕ್ಕಿಂತ ಮಿಗಿಲಾಗಿ ಅವರ ವಿದ್ವತ್ತಿನ ಕುರುಹಾಗಿ ಉಳಿದಿರುವುದು ಮುಂಬಯಿ ನಗರದ ಬಾಣಂತಿಯರ ಸಾವುಗಳನ್ನು ಕುರಿತ ಅವರ ಅಧ್ಯಯನ. 1937-38ರಲ್ಲಿ ನಡೆದ ಈ ತನಿಖೆಯ ವರದಿ 1941ರಲ್ಲಿ ಸರಕಾರದ ಪ್ರಕಟಣೆಯಾಗಿ ಹೊರಬಂದಿತು. ಇದಕ್ಕೆ ಹಿನ್ನೆಲೆಯೂ ಇದೆ. ಸುಮಾರು ಒಂದು ದಶಕದ ಹಿಂದೆ ಇದೇ ನಗರದ ಹಾಫ್‌ಕಿನ್ ಸಂಸ್ಥೆಯಲ್ಲಿ ಲೂಸಿ ವಿಲ್ಸ್ ಅವರು ಗಿರಣಿ ಕಾರ್ಮಿಕ ಸ್ತ್ರೀಯರ ಬಸಿರುಕಾಲದ ರಕ್ತಹೀನತೆಯನ್ನು ಅಭ್ಯಸಿಸಿದ್ದರು. ಮುಂದೆ ಫೋಲಿಕ್ ಆಮ್ಲವೆಂದು ಹೆಸರಾದ ಪೋಷಕಾಂಶದ ಜಾಡು ಸಿಕ್ಕಿದ್ದು ಆ ಶೋಧನೆಯಿಂದ. ಹೆರಿಗೆಯ ಸಾವನ್ನು ಹಣೆಬರಹವೆಂದೋ ಸೂಲಗಿತ್ತಿಯ ಕೈದೋಷವೆಂದೋ ಬಿಟ್ಟುಬಿಡದೆ, ಕಾರಣ ಹುಡುಕಿ ದಾಖಲಿಸಬಹುದಾದ ಸಂಗತಿಯೆಂದು ನೋಡುವ ದೃಷ್ಟಿ ಇಂಥ ಕೆಲಸಗಳಿಂದ ಬಲಗೊಂಡಿತು.

ಸೂಲಗಿತ್ತಿಯ ಮಾತು ಬಂದುದರಿಂದ ಭಾಷೆಗೆ ಸಂಬಂಧಿಸಿದ ಒಂದು ಅಂಶವನ್ನು ಇಲ್ಲಿ ಹೇಳಬಹುದು. ಸೂಲ್ ಎಂದರೆ ಹೆರಿಗೆ. ಸೂಲಗಿತ್ತಿ ಎಂಬ ಪದಕ್ಕೆ ಕನ್ನಡದಲ್ಲಿ ಪುಲ್ಲಿಂಗ ರೂಪವಿಲ್ಲ, ಏಕೆಂದರೆ ಆ ಜ್ಞಾನ ಪೂರ್ತಿಯಾಗಿ ಹೆಂಗಸರದು. ವೈದ್ಯ ಎಂಬುದಾದರೋ ಮೊದಲಿನಿಂದ ಪುಲ್ಲಿಂಗ, ವೈದ್ಯೆ ಅದರಿಂದ ಹುಟ್ಟಿಸಿಕೊಂಡ ರೂಪ. ಜನರ ಬಾಯಲ್ಲಿ ಬಳಕೆಯಾದದ್ದು ಇವೆರಡೂ ಅಲ್ಲ, ಡಾಕ್ಟರಮ್ಮ. ಅಧಿಕಾರಕ್ಕೂ ಮಮತೆಗೂ ಒಂದೇ ಪ್ರತ್ಯಯ ಸಾಕಾಗಿರುವ ಈ ಪದವನ್ನು ಕೆಂಗೇರಿಯಲ್ಲಿಯೂ ವಿಜಯನಗರದಲ್ಲಿಯೂ ಇಂದಿಗೂ ಕೇಳುತ್ತೇವೆ. ಆದರೆ ಹೆರಿಗೆಯ ಕೋಣೆಯಾಚೆಗೆ ಈ ಅಮ್ಮನ ಅಧಿಕಾರ ಎಷ್ಟು ದೂರ ನಡೆಯಿತು ಎಂಬ ಪ್ರಶ್ನೆ ಝಿರಾಡ್ ಅವರ ಕಾಲಕ್ಕೂ ಅನ್ವಯಿಸುತ್ತದೆ. ಅವರ ಮುಖಂಡತ್ವ ಮಹಿಳಾ ಆಸ್ಪತ್ರೆಯೊಳಗೇ ಬೆಳೆದುದು. ಸ್ತ್ರೀಯರಿಗಾಗಿಯೇ ಕಟ್ಟಿದ ಅಂಗಳ ಅವರಿಗೆ ಆಸರೆಯೂ ಆಯಿತು, ಗಡಿಯೂ ಆಯಿತು.

ಆ ಗಡಿಯನ್ನು ಅವರು ಸ್ವಲ್ಪಮಟ್ಟಿಗಾದರೂ ದಾಟಿದ್ದು ವೃತ್ತಿಸಂಘಟನೆಗಳ ಮೂಲಕ. 1950ರಲ್ಲಿ ರೂಪುಗೊಂಡ ಭಾರತೀಯ ಪ್ರಸೂತಿ ಮತ್ತು ಸ್ತ್ರೀರೋಗ ಸಂಘಗಳ ಒಕ್ಕೂಟವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಪುರುಷ ತಜ್ಞರೂ ಸದಸ್ಯರಾಗಿದ್ದ ಈ ಸಂಸ್ಥೆಯ ಆರಂಭದ ಅಧ್ಯಕ್ಷರ ಸಾಲಿನಲ್ಲಿ ಅವರ ಹೆಸರಿದೆ. 1907ರಲ್ಲಿ ಸ್ಥಾಪನೆಯಾದ ಭಾರತ ವೈದ್ಯಕೀಯ ಮಹಿಳೆಯರ ಸಂಘಕ್ಕೂ ಸ್ವಾತಂತ್ರ್ಯಾನಂತರ ಹತ್ತು ವರ್ಷ ಅಧ್ಯಕ್ಷೆಯಾಗಿದ್ದರು. ಧಾರ್ಮಿಕ ಕ್ಷೇತ್ರದಲ್ಲಿಯೂ ಅವರ ಧೋರಣೆ ಇಂಥದೇ. ಲಂಡನ್ನಿನಲ್ಲಿ ಉದಾರವಾದಿ ಯೆಹೂದಿ ಚಳವಳಿಯ ಲಿಲಿ ಮಾಂಟೆಗ್ಯೂ ಅವರ ಪ್ರಭಾವಕ್ಕೆ ಒಳಗಾಗಿದ್ದ ಅವರು, 1925ರಲ್ಲಿ ಮುಂಬಯಿಯಲ್ಲಿ ಯೆಹೂದಿ ಧಾರ್ಮಿಕ ಒಕ್ಕೂಟವನ್ನು ಕಟ್ಟುವುದರಲ್ಲಿ ಮುಂದಾಳಾಗಿದ್ದರು.

1945ರಲ್ಲಿ ಬ್ರಿಟಿಷ್ ಸರಕಾರದ ಎಂ.ಬಿ.ಇ. ಗೌರವ, 1947ರಲ್ಲಿ ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ ಫೆಲೋ ಪದವಿ, 1966ರಲ್ಲಿ ಪದ್ಮಶ್ರೀ ಅವರಿಗೆ ಸಂದವು. ತೊಂಬತ್ತು ದಾಟಿದ ವಯಸ್ಸಿನಲ್ಲಿ, 1980ರ ದಶಕದಲ್ಲಿ, ಅವರು ತೀರಿಕೊಂಡರು. ಹೆರಿಗೆಯ ಕಾಯಕಕ್ಕಾಗಿ ಕನ್ನಡ ನಾಡಿನಲ್ಲಿ ಮತ್ತೊಮ್ಮೆ ಅದೇ ಪದ್ಮಶ್ರೀ ಪಡೆದವರು ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ. ಅದು 2018ರಲ್ಲಿ. ಅವರು ಯಾವ ಕಾಲೇಜಿನ ಮೆಟ್ಟಿಲನ್ನೂ ಏರಿದವರಲ್ಲ. ತುಮಕೂರು ವಿಶ್ವವಿದ್ಯಾಲಯ ಅದಕ್ಕೂ ಮೊದಲೇ ಅವರಿಗೆ ಗೌರವ ಡಾಕ್ಟರೇಟ್ ನೀಡಿತ್ತು.