ಅರ್ಧ ಹೊತ್ತು ಬಿಡುವಿದ್ದರೂ ಸಾಲು ಏಕೆ? ಎರ್ಲಾಂಗ್ ಮೇಷ್ಟ್ರ ಬದುಕು

ಅಭ್ಯಾಸ ಬೋಧನೆಯ ನಾಲ್ಕನೆಯ ಪಾಠ, ಒಂಬತ್ತನೆಯ ತರಗತಿ. ಗಂಟೆಯಲ್ಲಿ ಅರ್ಧ ಹೊತ್ತು ಮಾತ್ರ ಕೆಲಸವಿರುವ ಯಂತ್ರದ ಮುಂದೆ ಯಾರೂ ಕಾಯಬೇಕಿಲ್ಲ ಎಂದು ಕಪ್ಪುಹಲಗೆಯ ಮೇಲೆ ಭಾಗಾಕಾರ ಮಾಡಿ ತೋರಿಸಿದೆ. ಹಾಗಾದರೆ ಲ್ಯಾಬಿನ ಪ್ರಿಂಟರ್ ಮುಂದೆ ದಿನವೂ ಸಾಲು ಏಕಿರುತ್ತದೆ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಪಾಠಯೋಜನೆಯ ಮುಂದಿನ ಹಂತಕ್ಕೆ ಜಾರಿಕೊಂಡೆ. ಅದನ್ನು ಮಾರ್ಗದರ್ಶಕರೂ ಗಮನಿಸಿದರು, ಹುಡುಗಿಯೂ ಗಮನಿಸಿದಳು.

ಉತ್ತರ ಹುಡುಕುತ್ತ ಹೋದಾಗ ಸಿಕ್ಕವರು ಡೆನ್ಮಾರ್ಕಿನ ಒಬ್ಬ ಶಾಲಾ ಮೇಷ್ಟ್ರು.

ಅಗ್ನರ್ ಕ್ರಾರುಪ್ ಎರ್ಲಾಂಗ್ 1878ರ ಜನವರಿ 1ರಂದು ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಊರ ಶಾಲೆಯ ಮೇಷ್ಟ್ರು. ಅಣ್ಣ ಪುಸ್ತಕ ಹಿಡಿದರೆ ತಮ್ಮ ಎದುರಿಗೆ ಕುಳಿತು ತಲೆಕೆಳಗಾದ ಅಕ್ಷರಗಳನ್ನೇ ಓದುತ್ತಿದ್ದನಂತೆ. 14ರ ವಯಸ್ಸಿಗೇ ವಿಶೇಷ ಅನುಮತಿ ಪಡೆದು ವಿಶ್ವವಿದ್ಯಾಲಯದ ಪೂರ್ವಭಾವಿ ಪರೀಕ್ಷೆ ಪಾಸಾದರು. ಬಳಿಕ ಎರಡು ವರ್ಷ ತಂದೆಯ ಶಾಲೆಯಲ್ಲೇ ಸಹಾಯಕರಾಗಿದ್ದರು. ವಿದ್ಯಾರ್ಥಿವೇತನದಿಂದ ಕೋಪನ್‌ಹೇಗನ್ನಿನಲ್ಲಿ ಓದಿ 1901ರಲ್ಲಿ ಗಣಿತದಲ್ಲಿ ಪದವಿ ಪಡೆದು, ಏಳು ವರ್ಷ ಶಾಲೆಗಳಲ್ಲಿ ಪಾಠ ಹೇಳಿದರು.

ಗಣಿತ ಸಂಘದಲ್ಲಿ ಪರಿಚಯವಾದ ಯೆನ್ಸೆನ್ ಅವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಮುಖ್ಯ ಎಂಜಿನಿಯರ್. ಅವರ ಮೂಲಕ 1908ರಲ್ಲಿ ಎರ್ಲಾಂಗ್ ಆ ಕಂಪನಿ ಸೇರಿದರು. ಮೊದಮೊದಲು ಸಹಾಯಕರಿಲ್ಲದೆ ವಿದ್ಯುತ್ ಸೋರಿಕೆಯ ಅಳತೆಗಳನ್ನು ತಾವೇ ಮಾಡಬೇಕಿತ್ತು. ಏಣಿ ಹೊತ್ತ ಆಳಿನೊಡನೆ ಬೀದಿ ಬೀದಿ ಸುತ್ತಿ ಮ್ಯಾನ್‌ಹೋಲಿಗೆ ಇಳಿಯುತ್ತಿದ್ದ ಗಣಿತದ ಮೇಷ್ಟ್ರು ನನಗೆ ತುಂಬ ಹಿಡಿಸಿದರು.

ಅವರ ಮುಂದಿದ್ದ ಮುಖ್ಯ ಪ್ರಶ್ನೆ ನನ್ನ ವಿದ್ಯಾರ್ಥಿನಿಯದೇ. ಲೈನುಗಳು ಕಡಿಮೆಯಾದರೆ ಕರೆ ಸಿಗುವುದಿಲ್ಲ, ಹೆಚ್ಚಾದರೆ ದುಡ್ಡು ದಂಡ. ಹಾಗಾದರೆ ಎಷ್ಟು ಬೇಕು? ಸರಾಸರಿಯನ್ನು ಭಾಗಿಸಿದರೆ ನನ್ನ ಹಾಗೆ ಎಡವಬೇಕಾಗುತ್ತದೆ. ಕರೆಗಳು ಗಡಿಯಾರ ನೋಡಿ ಬರುವುದಿಲ್ಲ. ಒಮ್ಮೆ ಗುಂಪಾಗಿ ಬರುತ್ತವೆ, ಒಮ್ಮೆ ಬರುವುದೇ ಇಲ್ಲ. ಖಾಲಿ ಹೋದ ನಿಮಿಷವನ್ನು ಮುಂದಿನ ಗುಂಪಿಗಾಗಿ ಕೂಡಿಡಲೂ ಆಗದು. ಈ ಏರುಪೇರಿಗೂ ಒಂದು ಗಣಿತವಿದೆ ಎಂದು 1909ರ ಲೇಖನದಲ್ಲಿ ತೋರಿಸಿದರು. ಎಷ್ಟು ಕರೆ ತಪ್ಪುತ್ತವೆ, ಎಷ್ಟು ಹೊತ್ತು ಕಾಯಬೇಕು ಎಂಬುದರ ಸೂತ್ರಗಳನ್ನು 1917ರಲ್ಲಿ ಕೊಟ್ಟರು.

ಮದುವೆಯಾಗದೆ ಉಳಿದ ಅವರು 1929ರ ಫೆಬ್ರವರಿ 3ರಂದು, 51ರ ವಯಸ್ಸಿನಲ್ಲಿ ತೀರಿಕೊಂಡರು. 1946ರಲ್ಲಿ ದೂರವಾಣಿ ದಟ್ಟಣೆಯ ಮಾನಕ್ಕೆ ಅವರ ಹೆಸರಿಟ್ಟರು: ಗಂಟೆಗೆ ನಾಲ್ಕು ನಿಮಿಷದ 30 ಕರೆಗಳೆಂದರೆ 2 ಎರ್ಲಾಂಗ್. 1960ರ ದಶಕದಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳತೊಡಗಿದಾಗ, ಅದರ ಕಾರ್ಯಕ್ಷಮತೆ ಅಳೆಯಲು ಇದೇ ಸರದಿ ಗಣಿತ ಬಳಕೆಗೆ ಬಂತು. ಕರೆಯ ಜಾಗದಲ್ಲಿ ಕೆಲಸದ ಕೋರಿಕೆ, ಲೈನಿನ ಜಾಗದಲ್ಲಿ ಪ್ರೊಸೆಸರ್ ಅಥವಾ ಡಿಸ್ಕ್. ಕೋರಿಕೆ ಬರುವ ಸಮಯವೂ ಅದು ಹಿಡಿಯುವ ಹೊತ್ತೂ ಏರುಪೇರಾಗುವ ಸರಳ ಮಾದರಿಯಲ್ಲಿ, ಸರಾಸರಿ ಒಂದು ಸೆಕೆಂಡಿನ ಕೆಲಸ ಮುಗಿಯಲು ಯಂತ್ರ ಅರ್ಧ ತುಂಬಿದ್ದಾಗ 2 ಸೆಕೆಂಡು ಬೇಕು, ಶೇ. 80 ತುಂಬಿದರೆ 5, ಶೇ. 90 ತುಂಬಿದರೆ 10.

ಮರುವಾರ ಸೂತ್ರ ಬರೆಯಲಿಲ್ಲ, ದಾಳ ಒಯ್ದೆ. ಪ್ರತಿ ಸುತ್ತಿನಲ್ಲಿ ಮೂವರು ದಾಳ ಹಾಕುವುದು, ಆರು ಬಿದ್ದವರು ಮೇಜಿನ ಮೇಲೆ ಚೀಟಿ ಇಡುವುದು, ಸುತ್ತಿಗೊಂದೇ ಚೀಟಿ ವಿಲೇವಾರಿ. ಸರಾಸರಿ ಅರ್ಧ ಕೆಲಸ. ಆದರೂ ಆಗಾಗ ಎರಡು ಚೀಟಿ ಒಟ್ಟಿಗೆ ಬಂದು ಒಂದು ಕಾಯುತ್ತಿತ್ತು. ಆಮೇಲೆ ಐವರ ಕೈಗೆ ದಾಳ ಕೊಟ್ಟೆ. ಗಂಟೆ ಬಾರಿಸಿದಾಗ ಮೇಜಿನ ಮೇಲೆ ಚೀಟಿಗಳ ಸಾಲು ಉಳಿದಿತ್ತು. ಅದೇ ಹುಡುಗಿ ನಿಂತು ಎಣಿಸುತ್ತಿದ್ದಳು.