ಅಪ್ಪ ಕಟ್ಟಿದ ಪತ್ರಿಕೆ, ಮಗಳು ಕಲಿತ ಕನ್ನಡ: ಕೊನಗವಳ್ಳಿಯ ಲಂಕೇಶ್ ಮತ್ತು ಗೌರಿ

ಶಿವಮೊಗ್ಗ: ಜನವರಿ 25 ಪಿ. ಲಂಕೇಶ್ ತೀರಿಕೊಂಡ ದಿನ. ಜನವರಿ 29 ಅವರ ದೊಡ್ಡ ಮಗಳು ಗೌರಿ ಹುಟ್ಟಿದ ದಿನ. ಮಧ್ಯೆ ನಾಲ್ಕೇ ದಿನ. 2000ನೇ ಇಸವಿಯಲ್ಲಿ ಅಪ್ಪ ಹೋದಾಗ ಗೌರಿಗೆ 38 ತುಂಬಲು ಅಷ್ಟೇ ದಿನ ಬಾಕಿ ಇತ್ತು. ಆ ವಾರ ಅವರ ಮನೆಯಲ್ಲಿ ಹುಟ್ಟುಹಬ್ಬದ ಮಾತು ಇರಲಿಲ್ಲ. ಮುಂದಿನ ವಾರ ಪತ್ರಿಕೆ ಬರಬೇಕಾ, ನಿಲ್ಲಿಸಬೇಕಾ ಅನ್ನೋದೇ ಪ್ರಶ್ನೆಯಾಗಿತ್ತು.

ನಮ್ಮ ತಾಲ್ಲೂಕಲ್ಲಿ 45 ದಾಟಿದವರಿಗೆ ಲಂಕೇಶ್ ಪತ್ರಿಕೆ ಚೆನ್ನಾಗಿ ನೆನಪಿರುತ್ತೆ. ನನ್ನ ವಯಸ್ಸಿನವರಿಗೆ ಗೌರಿ ಅಂದ್ರೆ 2017ರ ಸೆಪ್ಟೆಂಬರ್‌ನಲ್ಲಿ ಟಿವಿಯಲ್ಲಿ ಕಂಡ ಸುದ್ದಿ, ಅಷ್ಟೇ. ಇಬ್ಬರೂ ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರು ಅನ್ನೋದು ಇಲ್ಲಿನ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಈ ಬರಹ.

ಕೊನಗವಳ್ಳಿಯಿಂದ ಸಂಸ್ಕಾರದವರೆಗೆ

ಪಾಳ್ಯ ಲಂಕೇಶ್ ಹುಟ್ಟಿದ್ದು 1935ರ ಮಾರ್ಚ್ 8ರಂದು, ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು. ವಾಪಸ್ ಬಂದು ಇಲ್ಲೇ ಸಹ್ಯಾದ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾದರು. 1962ರಲ್ಲಿ ಗೌರಿ ಹುಟ್ಟಿದ್ದೂ ಶಿವಮೊಗ್ಗದಲ್ಲೇ. ಆಮೇಲೆ ಸಂಸಾರ ಬೆಂಗಳೂರಿಗೆ ಹೋಯ್ತು. ಮೇಷ್ಟ್ರು ಅನ್ನೋ ಹೆಸರು ಮಾತ್ರ ಲಂಕೇಶರಿಗೆ ಕೊನೆವರೆಗೂ ಉಳೀತು.

1963ರಲ್ಲಿ ಮೊದಲ ಕಥಾ ಸಂಕಲನ ಕೆರೆಯ ನೀರನು ಕೆರೆಗೆ ಚೆಲ್ಲಿ ಬಂತು. ನಂತರ ಕಾದಂಬರಿ ಬಿರುಕು, ನಾಟಕ ಸಂಕ್ರಾಂತಿ, ಹೊಸ ಕವಿಗಳನ್ನು ಒಟ್ಟು ಮಾಡಿದ ಅಕ್ಷರ ಹೊಸ ಕಾವ್ಯ. ಫ್ರೆಂಚ್ ಕವಿ ಬೋದಿಲೇರನ ಪದ್ಯಗಳನ್ನು ಪಾಪದ ಹೂಗಳು ಅಂತ ಕನ್ನಡಕ್ಕೆ ತಂದರು. 1970ರ ಸಂಸ್ಕಾರ ಸಿನಿಮಾದಲ್ಲಿ ಅಗ್ರಹಾರವನ್ನು ಎದುರು ಹಾಕಿಕೊಳ್ಳೋ ನಾರಣಪ್ಪನ ಪಾತ್ರ ಮಾಡಿದ್ದು ಇವರೇ. ಬಿರುಕು ಕಾದಂಬರಿಯನ್ನು ಪಲ್ಲವಿ ಅಂತ ಸಿನಿಮಾ ಮಾಡಿದಾಗ 1976ರ ಅತ್ಯುತ್ತಮ ನಿರ್ದೇಶಕ ರಾಷ್ಟ್ರ ಪ್ರಶಸ್ತಿ ಸಿಕ್ಕಿತು.

ಇಷ್ಟು ಹೆಸರು ಮಾಡಿದ ಮೇಲೆ ಬೇರೆ ಯಾರೇ ಆಗಿದ್ರೂ ವಿಶ್ವವಿದ್ಯಾಲಯದ ಸಂಬಳ ತಗೊಂಡು ಆರಾಮಾಗಿ ಇರುತ್ತಿದ್ದರು. ಲಂಕೇಶ್ ಕೆಲಸ ಬಿಟ್ಟರು.

ಜಾಹೀರಾತಿಲ್ಲದ ಪತ್ರಿಕೆ

1980ರ ಜುಲೈನಲ್ಲಿ ಲಂಕೇಶ್ ಪತ್ರಿಕೆ ಶುರುವಾಯ್ತು. ಟ್ಯಾಬ್ಲಾಯ್ಡ್ ಅಳತೆ, ವಾರಕ್ಕೊಂದು ಸಂಚಿಕೆ, ಕಪ್ಪು ಬಿಳುಪು. ಜಾಹೀರಾತು ತಗೊಳ್ಳಲ್ಲ ಅಂತ ತೀರ್ಮಾನ. ಅಂಗಡಿ ನಡೆಸೋರಿಗೆ ಇದರ ಅರ್ಥ ಬೇಗ ಆಗುತ್ತೆ. ಕಾಗದ, ಮುದ್ರಣ, ಸಾಗಣೆ, ವರದಿಗಾರರ ಸಂಬಳ, ಏಜೆಂಟರ ಕಮಿಷನ್ ಎಲ್ಲವೂ ಓದುಗ ಕೊಡೋ ಚಿಲ್ಲರೆಯಿಂದಲೇ ಹುಟ್ಟಬೇಕು. ಸರ್ಕಾರದ ಜಾಹೀರಾತು ಬೇಡ ಅಂದ್ರೆ ಮಂತ್ರಿಗೆ ಹೆದರಬೇಕಾಗಿಲ್ಲ. ಕಂಪನಿ ಜಾಹೀರಾತು ಬೇಡ ಅಂದ್ರೆ ಕಂಪನಿಗೂ ಹೆದರಬೇಕಾಗಿಲ್ಲ. ಆದರೆ ಒಂದು ವಾರ ಓದುಗ ಕೈಬಿಟ್ಟರೆ ಕೇಳೋರಿಲ್ಲ. ಮನೆ ಕಡೆ ಹೆಂಡತಿ ಇಂದಿರಾ ಸೀರೆ ಅಂಗಡಿ ನಡೆಸಿ ಸಂಸಾರಕ್ಕೆ ಆಸರೆಯಾಗಿದ್ದರು.

ಓದುಗ ಕೈಬಿಡಲಿಲ್ಲ. ಆಗಿನ ಮುಖ್ಯಮಂತ್ರಿ ಗುಂಡೂರಾವ್ ಅವರನ್ನು ಪತ್ರಿಕೆ ಗುಂ ಅಂತ ಒಂದೇ ಅಕ್ಷರಕ್ಕೆ ಇಳಿಸಿತ್ತು. 1983ರಲ್ಲಿ ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ ಸೋತಾಗ, ಅದರಲ್ಲಿ ಈ ಪತ್ರಿಕೆಯ ಪಾಲೂ ಇದೆ ಅಂತ ಜನ ಮಾತಾಡಿಕೊಂಡರು. ಆಮೇಲೆ ಬಂದ ಜನತಾ ಸರ್ಕಾರವನ್ನೂ ಲಂಕೇಶ್ ಬಿಡಲಿಲ್ಲ.

ರಾಜಕೀಯ ಅರ್ಧ ಭಾಗ ಮಾತ್ರ. ಅದೇ ಪುಟಗಳಲ್ಲಿ ನೀಲು ಹೆಸರಿನಲ್ಲಿ ಪುಟ್ಟ ಪದ್ಯ ಬರುತ್ತಿತ್ತು, ಟೀಕೆ ಟಿಪ್ಪಣಿ ಬರುತ್ತಿತ್ತು. ಕಾಸರಗೋಡಿನ ಕಡೆಯ ಸಾರಾ ಅಬೂಬಕ್ಕರ್ ಅವರ ಚಂದ್ರಗಿರಿಯ ತೀರದಲ್ಲಿ ಧಾರಾವಾಹಿಯಾಗಿ ಬಂದಿದ್ದು ಇಲ್ಲೇ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದ ಹಾಸನದ ಬಾನು ಮುಷ್ತಾಕ್ ಒಂದು ಕಾಲದಲ್ಲಿ ಇದರ ವರದಿಗಾರ್ತಿ. ಸಾಹಿತ್ಯದ ಸಭೆಗೆ ಯಾರೂ ಕರೆಯದ ಜನರ ಬರಹವನ್ನು ಬೀಡಾ ಅಂಗಡಿಗೆ, ಬಸ್ ಸ್ಟ್ಯಾಂಡಿಗೆ ತಲುಪಿಸಿದ್ದು ಲಂಕೇಶರ ದೊಡ್ಡ ಕೆಲಸ. 1993ರಲ್ಲಿ ಕಲ್ಲು ಕರಗುವ ಸಮಯ ಕಥಾ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇಂಗ್ಲಿಷ್‌ನಿಂದ ವಾಪಸ್ ಬಂದ ಮಗಳು

ಗೌರಿ ಬೆಳೆದ ದಾರಿ ಬೇರೆ. ಬೆಂಗಳೂರು, ದೆಹಲಿಯಲ್ಲಿ ಓದು. ಟೈಮ್ಸ್ ಆಫ್ ಇಂಡಿಯಾ, ಸಂಡೆ ವಾರಪತ್ರಿಕೆಯಲ್ಲಿ ಇಂಗ್ಲಿಷ್ ವರದಿಗಾರಿಕೆ. ಅಪ್ಪ ತೀರಿಕೊಂಡಾಗ ದೆಹಲಿಯಲ್ಲಿ ಈಟಿವಿಯಲ್ಲಿ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಆಡೋ ಕನ್ನಡ ಚೆನ್ನಾಗಿ ಬರುತ್ತಿತ್ತು, ಬರೆಯೋ ಕನ್ನಡ ಬರುತ್ತಿರಲಿಲ್ಲ.

ಪತ್ರಿಕೆ ನಿಲ್ಲಿಸೋಣ ಅಂತಲೇ ಮಕ್ಕಳು ಮೊದಲು ಯೋಚಿಸಿದ್ದು. ಅದನ್ನು ಮುದ್ರಿಸುತ್ತಿದ್ದ ಸಂಜೆವಾಣಿಯ ಮಣಿ ಅವರು, ಇಷ್ಟು ಬೇಗ ಕೈಬಿಡಬೇಡಿ ಅಂತ ಬುದ್ಧಿ ಹೇಳಿದರು. ಗೌರಿ ಸಂಪಾದಕಿ, ತಮ್ಮ ಇಂದ್ರಜಿತ್ ವ್ಯವಹಾರ ನೋಡಿಕೊಳ್ಳೋದು ಅಂತ ಆಯ್ತು.

ಯೋಚನೆ ಮಾಡಿ ನೋಡಿ. 38ನೇ ವಯಸ್ಸಿಗೆ, ರಾಜಧಾನಿಯ ಕೆಲಸ ಬಿಟ್ಟು, ಕನ್ನಡದ ದೊಡ್ಡ ಗದ್ಯಕಾರರೊಬ್ಬರ ಕುರ್ಚಿಯಲ್ಲಿ ಕೂತು ಕನ್ನಡ ಬರೆಯೋದು ಕಲಿಯೋದು. ಅದೂ ಪ್ರತಿವಾರ, ಸಾವಿರಾರು ಜನರ ಕಣ್ಣೆದುರು. ಮೊದಮೊದಲು ಓದುಗರು ಹೋಲಿಸಿದರು, ನಕ್ಕರು. ಅಪ್ಪನ ಹಾಗೆ ಬರೆಯಕ್ಕಾಗಲ್ಲ ಅನ್ನೋದು ಅವರಿಗೂ ಗೊತ್ತಿತ್ತು. ಕಂಡ ಹಾಗೆ ಅನ್ನೋ ಅಂಕಣ ಶುರು ಮಾಡಿ, ಸೀದಾ ಸಾದಾ ಮಾತಿನಲ್ಲಿ ಬರೀತಾ ಬರೀತಾ ತಮ್ಮದೇ ಕನ್ನಡ ಮಾಡಿಕೊಂಡರು.

ಪತ್ರಿಕೆಯ ಸ್ವಭಾವವೂ ಬದಲಾಯ್ತು. ಕಥೆ, ಕವಿತೆ ಕಡಿಮೆಯಾಗಿ ಹೋರಾಟ ಜಾಸ್ತಿಯಾಯ್ತು. ಬಾಬಾಬುಡನ್‌ಗಿರಿ ವಿವಾದದಲ್ಲಿ ಅವರು ಕೋಮು ಸೌಹಾರ್ದದವರ ಜೊತೆ ಬೀದಿಗೆ ಇಳಿದರು. ಮಲೆನಾಡಿನ ನಕ್ಸಲ್ ವಿಷಯದಲ್ಲಿ ಮಾತುಕತೆ ಆಗಲಿ ಅಂದರು. 2014ರಲ್ಲಿ ಸಿರಿಮನೆ ನಾಗರಾಜ್, ನೂರ್ ಜುಲ್ಫಿಕರ್ ಶಸ್ತ್ರ ಬಿಟ್ಟು ಮುಖ್ಯವಾಹಿನಿಗೆ ಬರೋದರಲ್ಲಿ ಅವರ ಓಡಾಟವೂ ಇತ್ತು. ಲಂಕೇಶರ ಸಾಹಿತ್ಯದ ರುಚಿಗೆ ಪತ್ರಿಕೆ ಕೊಳ್ಳುತ್ತಿದ್ದ ಹಳೇ ಓದುಗರು ಕೆಲವರು ದೂರ ಆದರು. ಇದನ್ನು ಮುಚ್ಚಿಡೋದರಲ್ಲಿ ಅರ್ಥ ಇಲ್ಲ.

2005ರಲ್ಲಿ ಅಕ್ಕ ತಮ್ಮನ ಭಿನ್ನಾಭಿಪ್ರಾಯ ಹೊರಗೆ ಬಂತು. ಹಳೇ ಹೆಸರು ಬಿಟ್ಟು ಗೌರಿ ಲಂಕೇಶ್ ಪತ್ರಿಕೆ ಶುರು ಮಾಡಿದರು. ಇದರಲ್ಲೂ ಜಾಹೀರಾತಿಲ್ಲ. ಅಪ್ಪನ ಕಾಲದಲ್ಲಿ ಟಿವಿ ಚಾನೆಲ್‌ಗಳ ಪೈಪೋಟಿ ಇಷ್ಟಿರಲಿಲ್ಲ, ಮೊಬೈಲ್ ಅಂತೂ ಇರಲಿಲ್ಲ. ಮಗಳ ಕಾಲಕ್ಕೆ ಎರಡೂ ಬಂದು ವಾರಪತ್ರಿಕೆ ಕೊಳ್ಳೋರೇ ಕಡಿಮೆಯಾದರು. ಪುಸ್ತಕ ಪ್ರಕಾಶನ, ಸರ್ಕಾರಿ ಕೆಲಸದ ಪರೀಕ್ಷೆಗೆ ಓದೋ ಹುಡುಗರಿಗಾಗಿ ತರುತ್ತಿದ್ದ ಗೈಡ್, ಇವುಗಳ ಆದಾಯ ಹಾಕಿ ಪತ್ರಿಕೆ ಎಳೆದರು. ಮೇಲಿಂದ ಮಾನನಷ್ಟ ಮೊಕದ್ದಮೆಗಳು. 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ಕೋರ್ಟು, ಬಿಜೆಪಿ ಮುಖಂಡರ ಬಗ್ಗೆ 2008ರಲ್ಲಿ ಬಂದ ವರದಿಯೊಂದಕ್ಕೆ ಆರು ತಿಂಗಳ ಶಿಕ್ಷೆ ಕೊಟ್ಟಿತು. ಜಾಮೀನು ಸಿಕ್ಕಿತು.

2017ರ ಸೆಪ್ಟೆಂಬರ್ 5ರ ರಾತ್ರಿ ಕಚೇರಿಯಿಂದ ಬಂದು ರಾಜರಾಜೇಶ್ವರಿ ನಗರದ ಮನೆ ಬಾಗಿಲು ತಲುಪೋ ಹೊತ್ತಿಗೆ ಅವರನ್ನು ಗುಂಡು ಹಾರಿಸಿ ಕೊಂದರು. ವಯಸ್ಸು 55. ಆ ವಾರದ ಸಂಚಿಕೆಗೆ ಅವರು ಬರೆದಿದ್ದ ಅಂಕಣದ ವಿಷಯ ಸುಳ್ಳು ಸುದ್ದಿ ಹೇಗೆ ಹುಟ್ಟುತ್ತೆ, ಹೇಗೆ ಹರಡುತ್ತೆ ಅನ್ನೋದು. ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ಆಯ್ತು. ವಿಶೇಷ ತನಿಖಾ ದಳ ಆರೋಪಪಟ್ಟಿ ಸಲ್ಲಿಸಿತು.

ಇಬ್ಬರ ಲೆಕ್ಕ

ಅಪ್ಪ 64 ವರ್ಷ ಬದುಕಿದರು, ಸುಮಾರು 20 ವರ್ಷ ಪತ್ರಿಕೆ ನಡೆಸಿದರು. ಮಗಳು 17 ವರ್ಷ. ಅಪ್ಪನ ಪುಸ್ತಕಗಳು ಇವತ್ತಿಗೂ ಮರುಮುದ್ರಣ ಆಗ್ತಾ ಇವೆ, ಪಠ್ಯದಲ್ಲಿ ಬರ್ತವೆ. ಮಗಳ ಹೆಸರು ಹೇಳಿದ ಕೂಡಲೇ ಜನ ಸಾವಿನ ಬಗ್ಗೆ ಮಾತಾಡ್ತಾರೆ, ಪರವಾಗಿಯೋ ವಿರೋಧವಾಗಿಯೋ. ಅವರು ಪ್ರತಿವಾರ ಕೂತು ಮಾಡಿದ ಕೆಲಸದ ಬಗ್ಗೆ ಮಾತು ಕಡಿಮೆ. ನನ್ನ ಮಟ್ಟಿಗೆ ದೊಡ್ಡ ವಿಷಯ ಅದೇ. ಹೆಸರು ಅಪ್ಪನಿಂದ ಬಂತು, ಆದರೆ ಬರೆಯೋ ಕನ್ನಡವನ್ನು ಅವರೇ ದುಡಿದು ಸಂಪಾದಿಸಿಕೊಂಡರು.

ನೀವು ಈಗ ಓದ್ತಾ ಇರೋ ಈ ಪುಟದ ಪಕ್ಕದಲ್ಲಿ ನಮ್ಮ ಪೇಟೆಯ ಅಂಗಡಿಗಳ ಜಾಹೀರಾತು ಇರುತ್ತೆ. ಅದಿಲ್ಲದಿದ್ರೆ ನಮ್ಮಂಥ ಸಣ್ಣ ವೆಬ್‌ಸೈಟ್ ನಡೆಯಲ್ಲ, ನನ್ನಂಥವನಿಗೆ ವರದಿಗೆ ಇಷ್ಟು ಅಂತ ಕೊಡೋಕೂ ಆಗಲ್ಲ. ಇದನ್ನು ನಾಚಿಕೆಯಿಂದ ಹೇಳ್ತಿಲ್ಲ. ಆದರೆ ಜಾಹೀರಾತೇ ಇಲ್ಲದೆ 37 ವರ್ಷ ಒಂದು ಕುಟುಂಬ ವಾರಪತ್ರಿಕೆ ನಡೆಸಿತು, ಅದರ ಬೇರು ಕೊನಗವಳ್ಳಿಯಲ್ಲಿದೆ. ಈ ಜನವರಿಯಲ್ಲಿ ಹಳೇ ಕಪಾಟು ತೆಗೆದರೆ ಒಂದು ಸಂಚಿಕೆ ಸಿಗಬಹುದು. ಸಿಕ್ಕರೆ ಮನೆಯ ಮಕ್ಕಳ ಕೈಗೂ ಕೊಡಿ.